ನಿಮ್ಮ ಹೋಬಳಿ ಯಾವುದು?

ಕೆಂಟ್ ನಗರದ ನಮ್ಮ ಕ್ಲಿನಿಕ್ಕಿಗೆ ಒಮ್ಮೆ ಇರಾಕಿನ ವೃದ್ಧರೊಬ್ಬರು ಬಂದಿದ್ದರು. ಸಕ್ಕರೆ ಕಾಯಿಲೆ, ಜೊತೆಗೆ ಮಂಡಿನೋವು. ಮಾತಿಗೆ ಅರಬ್ಬಿ ದುಭಾಷಿ ಬೇಕಿತ್ತು. ಪರೀಕ್ಷೆ ಮುಗಿದ ಮೇಲೆ ಸುಮ್ಮನೆ "ನಿಮ್ಮದು ಯಾವ ಊರು?" ಎಂದು ಕೇಳಿದೆ. ಅವರು ಒಂದು ನಿಮಿಷ ಏನೇನೋ ಹೇಳಿದರು. ದುಭಾಷಿ ಮಾತ್ರ "ಇರಾಕ್" ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟರು!

ನಾನು ಬಿಡಲಿಲ್ಲ. ಆಗ ಪೂರ್ತಿ ವಿಳಾಸ ಹೊರಬಂತು: ಊರು, ಊರಿನ ನಾಹಿಯಾ, ಅದರ ಮೇಲೆ ಕದಾ, ಕೊನೆಗೆ ಮುಹಾಫಜಾ. "ಅರೆ, ಇದು ನಮ್ಮ ಹೋಬಳಿ, ತಾಲ್ಲೂಕು, ಜಿಲ್ಲೆಯ ಹಾಗೇ ಇದೆಯಲ್ಲ!" ಎಂದೆ. 'ತಾಲ್ಲೂಕು' ಕೇಳಿ ದುಭಾಷಿ ನಕ್ಕರು. ಅರಬ್ಬಿಯಲ್ಲಿ 'ತಅಲ್ಲುಕ್' ಎಂದರೆ ನಂಟು, ಅಂಟಿಕೊಂಡಿರುವುದು.

ಮನೆಗೆ ಬಂದು ನಿಘಂಟು ತೆಗೆದರೆ 'ಜಿಲ್ಲೆ'ಯ ಮೂಲವೂ ಅರಬ್ಬಿಯೇ. ಅಲ್ಲಿ ಆ ಶಬ್ದಕ್ಕೆ ಪಕ್ಕೆಲುಬು ಎಂದೂ ಅರ್ಥ. ಕಸಬಾ, ತಹಸೀಲು ಕೂಡ ಅಲ್ಲಿಯವೇ. ಎಲ್ಲವೂ ಪಾರಸಿ ದಫ್ತರಗಳ ದಾರಿಯಲ್ಲಿ ನಮ್ಮಲ್ಲಿಗೆ ಬಂದವು. 1687ರಲ್ಲಿ ಮೊಗಲರು ಶಿರಾ ಸುಬೆ ಮಾಡಿದಾಗ ನಮ್ಮ ಕೋಲಾರವೂ ಅದರದೊಂದು ಪರಗಣೆಯಾಗಿತ್ತು. ತಮಾಷೆಯೆಂದರೆ, ಇರಾಕಿನ ಆಡಳಿತದಲ್ಲಿ ತಾಲ್ಲೂಕೂ ಇಲ್ಲ, ಜಿಲ್ಲೆಯೂ ಇಲ್ಲ. ಅವರ ಶಬ್ದಗಳನ್ನು ನಾವು ಕಾಪಾಡಿಕೊಂಡಿದ್ದೇವೆ!

ಆದರೆ ಆ ರಾತ್ರಿ ನನ್ನನ್ನು ಕಾಡಿದ್ದು ಶಬ್ದಗಳಲ್ಲ, ಆ ದುಭಾಷಿ. ಇಪ್ಪತ್ತೈದು ವರ್ಷಗಳಿಂದ ನಾನೂ ಅದನ್ನೇ ಮಾಡುತ್ತಿದ್ದೇನೆ. ಯಾರು ಕೇಳಿದರೂ "ಬೆಂಗಳೂರು" ಅನ್ನುತ್ತೇನೆ. ನಿಜವಾಗಿ ನಮ್ಮದು ಗೌರಿಬಿದನೂರು ತಾಲ್ಲೂಕು, ಹೊಸೂರು ಹೋಬಳಿ. ಡಾ. ಎಚ್. ನರಸಿಂಹಯ್ಯನವರ ಹೊಸೂರು.

ನಾನು ಹುಟ್ಟಿದ್ದನ್ನು ಯಾರೂ ನೋಂದಾಯಿಸಿರಲಿಲ್ಲ. 2003ರಲ್ಲಿ ಗ್ರೀನ್ ಕಾರ್ಡಿಗಾಗಿ ಅಮ್ಮನ ಅಫಿಡವಿಟ್ ಬೇಕಾಯಿತು. ಇಂಥ ಗ್ರಾಮ, ಹೊಸೂರು ಹೋಬಳಿ, ಗೌರಿಬಿದನೂರು ತಾಲ್ಲೂಕು, ಕೋಲಾರ ಜಿಲ್ಲೆಯಲ್ಲಿ ಈ ಮಗನನ್ನು ಹೆತ್ತೆನೆಂದು ಬರೆಸಿ, ನಾಲ್ಕನೇ ಕ್ಲಾಸಿನ ಅಕ್ಷರದಲ್ಲಿ ಸಹಿ ಹಾಕಿ ಕಳಿಸಿದ್ದಳು. 2007ರಲ್ಲಿ ಕೋಲಾರ ಒಡೆದು ಚಿಕ್ಕಬಳ್ಳಾಪುರ ಜಿಲ್ಲೆಯಾಯಿತು. ಫೋನಿನಲ್ಲಿ ಹೇಳಿದರೆ ಅಮ್ಮ, "ಜಿಲ್ಲೆ ಎಲ್ಲಿಗಾದ್ರೂ ಹೋಗ್ಲಿ ಬಿಡೋ, ಮನೆ ಇಲ್ಲೇ ಐತಲ್ಲ" ಅಂದಳು. ಈಗ ಅಮ್ಮನೂ ಇಲ್ಲ, ಮನೆಯೂ ಮಾರಾಟವಾಗಿದೆ. ಉಳಿದದ್ದು ಆ ಕಾಗದದ ನಕಲು.

ನನ್ನ ಮಗ ಹುಟ್ಟಿದ್ದು ಕಿಂಗ್ ಕೌಂಟಿಯಲ್ಲಿ. 1852ರಲ್ಲಿ ವಿಲಿಯಂ ರೂಫಸ್ ಕಿಂಗ್ ಹೆಸರಿಟ್ಟಿದ್ದ ಕೌಂಟಿಯನ್ನು 1986ರಲ್ಲಿ ಕೌಂಟಿ ಕೌನ್ಸಿಲ್ ಮಾರ್ಟಿನ್ ಲೂಥರ್ ಕಿಂಗ್ ಹೆಸರಿಗೆ ಮಾಡಿತು, 2005ರಲ್ಲಿ ರಾಜ್ಯವೂ ಒಪ್ಪಿತು. ಇದೆಲ್ಲ ಅವನಿಗೆ ಕಂಠಪಾಠ. ಅಜ್ಜಿಯ ಹೋಬಳಿ ಗೊತ್ತಿಲ್ಲ. ತಪ್ಪು ಅವನದಲ್ಲ, ನಾನೇ ಹೇಳಿರಲಿಲ್ಲ.

ಆ ರಾತ್ರಿ ನಕಲು ತೆಗೆದು ತೋರಿಸಿದೆ. ಓದಿ ಹೇಳಿದಾಗ, "ಅಪ್ಪ, ಈಗ ಕೋಲಾರ ಅಲ್ವಲ್ಲ, ತಿದ್ದಬೇಕಾ?" ಎಂದ.

"ಯಾರಾದ್ರೂ ಕೇಳಿದ್ರೆ ಚಿಕ್ಕಬಳ್ಳಾಪುರ ಅನ್ನು. ಕಾಗದದಲ್ಲಿ ಅಜ್ಜಿ ಹೇಳಿದ್ದು ಹಾಗೇ ಇರಲಿ" ಎಂದೆ.

ಈ ಹಬ್ಬದ ಊಟದ ಸಾಲಿನಲ್ಲಿ ನನ್ನ ಪಕ್ಕ ಕೂತರೆ ಒಂದು ವಿನಂತಿ. ಊರು ಕೇಳಿದಾಗ "ಬೆಂಗಳೂರು" ಎಂದು ನಿಲ್ಲಿಸಬೇಡಿ. ಹೋಬಳಿಯವರೆಗೂ ಹೇಳಿ. ಮಕ್ಕಳಿಗೆ ಕೇಳಿಸುವ ಹಾಗೆ ಹೇಳಿ.