ರೊದ್ದಂ ಎಂಬ ಊರು, ಗಾಳಿ ಎಂಬ ಪ್ರಶ್ನೆ

ಅಮರಾಪುರದ ಸುತ್ತಿನ ಹಳ್ಳಿಗಳಲ್ಲಿ ಯಂತ್ರಗಳು ಬರುವುದಕ್ಕೆ ಮುಂಚೆ ಸುಗ್ಗಿಯೆಂದರೆ ಕಣ, ಕಣವೆಂದರೆ ಗಾಳಿಗಾಗಿ ಕಾಯುವುದು. ಮೊರದಲ್ಲಿ ರಾಗಿ ತುಂಬಿಕೊಂಡು ನಿಂತವರು ಗಾಳಿ ಬೀಸಿದೊಡನೆ ತೂರುತ್ತಿದ್ದರು, ನಿಂತೊಡನೆ ಕೈ ಇಳಿಸುತ್ತಿದ್ದರು. ‘ಗಾಳಿ ಬಂದಾಗ ತೂರಿಕೋ’ ಎಂಬ ಗಾದೆಯನ್ನು ನಾವು ಪುಸ್ತಕದಿಂದ ಕಲಿತವರಲ್ಲ, ಕಣದಿಂದ ಕಲಿತವರು.

ನಾವು ಕನ್ನಡ ಮಾಧ್ಯಮದ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದ ಕಾಲದ ಮಾತು. ಸುಗ್ಗಿಯ ಕೆಲಸಕ್ಕೆಂದು ಎರಡು ದಿನ ಶಾಲೆ ತಪ್ಪಿಸಿ ಬಂದ ಹುಡುಗನೊಬ್ಬ ವಿಜ್ಞಾನದ ತರಗತಿಯಲ್ಲಿ ಎದ್ದು ನಿಂತು ಕೇಳಿದ: “ಸಾರ್, ಗಾಳಿ ಒಂದೇ ಸಮನೆ ಯಾಕೆ ಬೀಸಲ್ಲ? ಬರ್ತದೆ, ನಿಲ್ತದೆ, ಮತ್ತೆ ಬರ್ತದೆ.” ಪರೀಕ್ಷೆ ಹತ್ತಿರವಿತ್ತು, ಪಾಠಗಳು ಉಳಿದಿದ್ದವು. “ಗಾಳಿ ಇರೋದೇ ಹಾಗೆ, ಕೂತ್ಕೋ. ಪರೀಕ್ಷೆಗೆ ಬರೋದನ್ನ ಓದು” ಎಂದೆವು. ಅವನು ಕುಳಿತ. ಆ ವರ್ಷ ಮತ್ತೆ ಏನನ್ನೂ ಕೇಳಲಿಲ್ಲ.

ಈ ಸಮ್ಮೇಳನದ ಸ್ಮರಣ ಸಂಚಿಕೆಗೆ ಲೇಖನ ಬೇಕೆಂದು ಸಂಘದ ಮಿತ್ರರು ಕೇಳಿದಾಗ ನಮಗೆ ಮೊದಲು ನೆನಪಾದದ್ದು ಆ ಪ್ರಶ್ನೆ. ಅದರ ಹಿಂದೆಯೇ ನೆನಪಾದವರು, ಇಡೀ ಬದುಕನ್ನು ಅಂಥದೇ ಪ್ರಶ್ನೆಗೆ ಕೊಟ್ಟ ಪ್ರೊಫೆಸರ್ ರೊದ್ದಂ ನರಸಿಂಹ.

ರೊದ್ದಂ ನಮಗೆ ದೂರದ ಊರಲ್ಲ. ಮಡಕಶಿರಾದಿಂದ ಪೆನುಕೊಂಡೆಯ ಸೀಮೆಯತ್ತ ಹೋದರೆ ಸಿಗುವ, ಪೆನ್ನೆಯ ದಂಡೆಯ ಊರು. ನರಸಿಂಹ ಅವರು 1933ರ ಜುಲೈ 20ರಂದು ಹುಟ್ಟಿದ್ದು ಬೆಂಗಳೂರಿನಲ್ಲಾದರೂ ಅವರ ಮನೆತನದ ಮೂಲ ಇದೇ ಊರು. ಲಂಡನ್ನಿನ ರಾಯಲ್ ಸೊಸೈಟಿಯವರೆಗೆ ಅವರು ಆ ಊರಿನ ಹೆಸರನ್ನು ತಮ್ಮ ಹೆಸರಿನ ಮೊದಲಲ್ಲೇ ಹೊತ್ತುಕೊಂಡು ಹೋದರು. ತಂದೆ ಆರ್. ಎಲ್. ನರಸಿಂಹಯ್ಯನವರು ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನದ ಅಧ್ಯಾಪಕರು. ವಿಜ್ಞಾನವನ್ನು ಕನ್ನಡದಲ್ಲಿ ಬರೆದ ಹಿರಿಯರಲ್ಲಿ ಒಬ್ಬರು. ಆಕಾಶದ ನಕ್ಷತ್ರಗಳ ಮಾತನ್ನು ಕನ್ನಡದಲ್ಲಿ ಆಡಬಹುದೆಂಬುದು ಆ ಮನೆಯ ಮಕ್ಕಳಿಗೆ ಯಾರೂ ರುಜುವಾತು ಮಾಡಿ ತೋರಿಸಬೇಕಾದ ಸಂಗತಿಯಾಗಿರಲಿಲ್ಲ.

ಬೆಂಗಳೂರಿನ ಸರಕಾರಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ 1953ರಲ್ಲಿ ಪದವಿ ಪಡೆದ ಅವರು ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿದರು. ಅಲ್ಲಿಯ ಅಂಗಳದಲ್ಲಿ ನಿಲ್ಲಿಸಿದ್ದ ಸ್ಪಿಟ್‌ಫೈರ್ ಯುದ್ಧವಿಮಾನವೊಂದು ಅವರ ಮನಸ್ಸನ್ನು ಹಿಡಿದಿತ್ತೆಂದು ಹೇಳುತ್ತಾರೆ. ಆ ವಿಮಾನಕ್ಕಿಂತ ದೊಡ್ಡ ಆಕರ್ಷಣೆ ಗುರು ಸತೀಶ್ ಧವನ್ ಅವರದು. ಬಳಿಕ ಅಮೆರಿಕದ ಕ್ಯಾಲ್‌ಟೆಕ್‌ನಲ್ಲಿ ಹಾನ್ಸ್ ಲೀಪ್‌ಮನ್ ಅವರ ಬಳಿ ಸಂಶೋಧನೆ. 1957ರಲ್ಲಿ ರಷ್ಯದ ಸ್ಪುಟ್ನಿಕ್ ಮೇಲೇರಿದಾಗ ಜಗತ್ತಿನ ವಿಜ್ಞಾನಿಗಳ ಗಮನವೆಲ್ಲ ಅಂತರಿಕ್ಷದತ್ತ ಹೊರಳಿತು. ನರಸಿಂಹ ಅವರೂ ಬಹು ಎತ್ತರದಲ್ಲಿ ಗಾಳಿ ತೀರ ವಿರಳವಾಗಿರುವಾಗ ಅದು ಹರಿಯುವ ಬಗೆಯನ್ನು ಕುರಿತು ಪ್ರಬಂಧ ಬರೆದು 1961ರಲ್ಲಿ ಡಾಕ್ಟರೇಟ್ ಪಡೆದರು. ಮರುವರ್ಷವೇ ಬೆಂಗಳೂರಿಗೆ ಮರಳಿ, ತಾವು ಕಲಿತ ಸಂಸ್ಥೆಯಲ್ಲೇ ಕಲಿಸತೊಡಗಿದರು.

ಅವರ ವಿಷಯ ಕಠಿಣವೆಂದು ದೂರ ಸರಿಯಬೇಕಾಗಿಲ್ಲ. ದೇವರ ಮುಂದೆ ಹಚ್ಚಿದ ಊದುಬತ್ತಿಯನ್ನು ನೋಡಿದರೆ ಸಾಕು. ಹೊಗೆ ಸ್ವಲ್ಪ ದೂರ ನೂಲಿನಂತೆ ನೆಟ್ಟಗೆ ಏರುತ್ತದೆ. ಆಮೇಲೆ ಅಲುಗಿ, ಸುರುಳಿಯಾಗಿ, ಚದುರಿಹೋಗುತ್ತದೆ. ಮೊದಲನೆಯದು ನಯವಾದ ಹರಿವು, ಎರಡನೆಯದು ಕ್ಷುಬ್ಧವಾದ ಹರಿವು. ವಿಮಾನದ ರೆಕ್ಕೆಯ ಮೇಲೆ, ನದಿಯಲ್ಲಿ, ಮೋಡದಲ್ಲಿ ಎಲ್ಲೆಲ್ಲೂ ಈ ಎರಡರ ಆಟವೇ. ರಷ್ಯದ ಗಣಿತಜ್ಞ ಕೊಲ್ಮೊಗೊರೊವ್ 1941ರಲ್ಲಿ ದೊಡ್ಡ ಸುಳಿಗಳ ಶಕ್ತಿ ಚಿಕ್ಕ ಸುಳಿಗಳಿಗೆ ಹಂಚಿಹೋಗುವುದಕ್ಕೂ ಒಂದು ಲೆಕ್ಕವಿದೆಯೆಂದು ತೋರಿಸಿದ್ದರು. ನರಸಿಂಹ ಅವರು ಹಿಡಿದದ್ದು ನಯ ಮತ್ತು ಕ್ಷೋಭೆಗಳ ನಡುವಣ ಸೀಮೆಯನ್ನು.

ಗಾಳಿ ಯಾವುದೇ ಮೈಯನ್ನು ಸವರಿಕೊಂಡು ಹರಿಯುವಾಗ ಆ ಮೈಗೆ ಅಂಟಿದಂತಿರುವ ತೆಳುವಾದ ಪದರಕ್ಕೆ ಗಡಿಪದರವೆಂದು ಹೆಸರು. ಅಲ್ಲಿ ನಯವಾದ ಹರಿವು ಗೆರೆ ಎಳೆದಂತೆ ಒಮ್ಮೆಲೇ ಕ್ಷುಬ್ಧವಾಗುವುದಿಲ್ಲ. ಒಣ ಅಂಗಳದ ಮೇಲೆ ಮಳೆಯ ಮೊದಲ ಹನಿಗಳು ಚುಕ್ಕಿ ಚುಕ್ಕಿಯಾಗಿ ಬಿದ್ದು ಕ್ರಮೇಣ ಕೂಡಿಕೊಳ್ಳುವಂತೆ, ಕ್ಷೋಭೆಯ ಚುಕ್ಕೆಗಳು ಅಲ್ಲಲ್ಲಿ ಹುಟ್ಟಿ, ಬೆಳೆದು, ಒಂದಾಗುತ್ತವೆ. ಆ ನಡುವಣ ಜಾಗದಲ್ಲಿ ಒಂದು ಕ್ಷಣ ನಯ, ಮತ್ತೊಂದು ಕ್ಷಣ ಕ್ಷೋಭೆ. ಎಲ್ಲಿ ಎಷ್ಟು ಪಾಲು ಕಾಲ ಕ್ಷೋಭೆಯಿರುತ್ತದೆ ಎಂಬುದಕ್ಕೆ ಸೂತ್ರ ಕೊಟ್ಟ ಲೇಖನವನ್ನು ನರಸಿಂಹ ಅವರು ಪ್ರಕಟಿಸಿದಾಗ 1957ನೇ ಇಸವಿ. ಅವರಿಗಿನ್ನೂ 24 ವರ್ಷ.

ಮುಂದೆ 1971ರಲ್ಲಿ ಅವರು ನರಹರಿ ರಾವ್ ಮತ್ತು ಬದರಿ ನಾರಾಯಣನ್ ಅವರೊಡನೆ ಪ್ರಕಟಿಸಿದ ಸಂಶೋಧನೆಯನ್ನು ಓದುವಾಗ ನಮಗೆ ಕಣದ ಹುಡುಗ ಎದುರಿಗೆ ಬಂದು ನಿಂತಂತಾಯಿತು. ಕ್ಷುಬ್ಧ ಗಡಿಪದರದಲ್ಲಿ ಅಲುಗಾಟ ಸಮನಾಗಿ ನಡೆಯುವುದಿಲ್ಲ, ಸ್ಫೋಟ ಸ್ಫೋಟವಾಗಿ ನಡೆಯುತ್ತದೆ. ನಡುವೆ ಶಾಂತವಾದ ಅವಧಿಗಳಿರುತ್ತವೆ. ಆ ಸ್ಫೋಟಗಳು ಮೈಯ ಪಕ್ಕದಲ್ಲೇ ಕಂಡರೂ ಎಷ್ಟು ಹೊತ್ತಿಗೊಮ್ಮೆ ಬರುತ್ತವೆಂಬುದು ಇಡೀ ಪದರದ ದಪ್ಪ ಮತ್ತು ವೇಗವನ್ನು ಅವಲಂಬಿಸಿದೆಯೆಂದು ಅವರು ಅಳೆದು ತೋರಿಸಿದರು. ಬರ್ತದೆ, ನಿಲ್ತದೆ, ಮತ್ತೆ ಬರ್ತದೆ! ನಾವು ‘ಕೂತ್ಕೋ’ ಎಂದಿದ್ದ ಪ್ರಶ್ನೆಯ ನೆರೆಯಲ್ಲೇ ಬೆಂಗಳೂರಿನ ಮೂವರು ವಿದ್ವಾಂಸರು ಉಪಕರಣಗಳನ್ನಿಟ್ಟುಕೊಂಡು ಕುಳಿತಿದ್ದರು.

ಒಮ್ಮೆ ಕದಡಿದ ಹರಿವು ಮತ್ತೆ ಶಾಂತವಾಗುವುದೇ? ಆಗುವುದುಂಟು. ಹರಿವಿನ ವೇಗವನ್ನು ಬಲವಾಗಿ ಏರಿಸಿದಾಗ ಕ್ಷೋಭೆ ಅಡಗುವ ಬಗೆಯನ್ನು ಅವರು ತಮ್ಮ ಶಿಷ್ಯ ಕೆ. ಆರ್. ಶ್ರೀನಿವಾಸನ್ ಅವರೊಡನೆ 1973ರಲ್ಲಿ ವಿವರಿಸಿದರು. ಆ ಶಿಷ್ಯರು ಮುಂದೆ ಇಟಲಿಯ ಟ್ರಿಯೆಸ್ಟೆಯ ಅಂತರರಾಷ್ಟ್ರೀಯ ಭೌತವಿಜ್ಞಾನ ಕೇಂದ್ರದ ನಿರ್ದೇಶಕರಾದರು.

ಮಳೆಗೆ ಬಾಯಿಬಿಟ್ಟ ನಮ್ಮ ಸೀಮೆಯವರಿಗೆ ಇನ್ನೂ ಆಪ್ತವಾಗಬೇಕಾದದ್ದು ಅವರ ಮುಂಗಾರಿನ ಕೆಲಸ. 1990ರಲ್ಲಿ ಖರಗ್‌ಪುರ, ವಾರಾಣಸಿ, ದೆಹಲಿ, ಜೋಧಪುರಗಳಲ್ಲಿ ಗೋಪುರಗಳನ್ನು ನಿಲ್ಲಿಸಿ ನೆಲದ ಪಕ್ಕದ ಗಾಳಿ, ಶಾಖ, ತೇವಗಳನ್ನು ಅಳೆದ ದೊಡ್ಡ ಪ್ರಯೋಗದ ಮುಂದಾಳುಗಳಲ್ಲಿ ಅವರೊಬ್ಬರು. ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ ನೀರಿನ ತೊಟ್ಟಿಯೊಳಗೆ ಮೋಡದ ಮಾದರಿಯನ್ನು ಎಬ್ಬಿಸಿ, ಮೋಡ ಸುತ್ತಲ ಗಾಳಿಯನ್ನು ಒಳಗೆಳೆದುಕೊಳ್ಳುವ ರೀತಿಯನ್ನು ಪರಿಶೀಲಿಸಿದರು. ನಿರ್ಮಲವಾದ, ಗಾಳಿಯಾಡದ ಇರುಳಿನಲ್ಲಿ ಅತಿ ತಣ್ಣಗಿನ ಗಾಳಿ ನೆಲದ ಮೇಲಲ್ಲ, ನೆಲದಿಂದ ಒಂದೆರಡು ಗೇಣು ಮೇಲಿರುತ್ತದೆಂದು ರಾಮದಾಸ್ ಎಂಬ ವಿಜ್ಞಾನಿ 1932ರಲ್ಲೇ ಕಂಡಿದ್ದರು. ಆ ಒಗಟಿನ ಕಾರಣವನ್ನೂ ನರಸಿಂಹ ಮತ್ತು ಅವರ ಸಂಗಡಿಗರು ಅರಸಿದರು. ಹೊಲದ ಕಾವಲಿಗೆ ಮಲಗುವವರ ಮೈಗೆ ಸೋಕುವ ಚಳಿಯಲ್ಲೂ ಗಣಿತವಿದೆ.

ಹುದ್ದೆ, ಗೌರವಗಳನ್ನು ಚಿಕ್ಕದಾಗಿ ಹೇಳಿ ಮುಗಿಸೋಣ. 1984ರಿಂದ 1993ರವರೆಗೆ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದ ನಿರ್ದೇಶಕರು. 1992ರಲ್ಲಿ ರಾಯಲ್ ಸೊಸೈಟಿಯ ಫೆಲೋ. 1987ರಲ್ಲಿ ಪದ್ಮಭೂಷಣ, 2013ರಲ್ಲಿ ಪದ್ಮವಿಭೂಷಣ. ನಡುವೆ ಮೈಸೂರಿನ ಹೈದರ್–ಟಿಪ್ಪು ಕಾಲದ ರಾಕೆಟ್ಟುಗಳ ಚರಿತ್ರೆಯನ್ನು ಬರೆದರು, ಯೋಗವಾಸಿಷ್ಠದ ಶ್ಲೋಕಗಳನ್ನು ಇಂಗ್ಲಿಷಿಗೆ ತಂದರು. 2020ರ ಡಿಸೆಂಬರ್ 14ರಂದು ಬೆಂಗಳೂರಿನಲ್ಲಿ ತೀರಿಕೊಂಡರು.

ಕೆಲವು ತಿಂಗಳ ಹಿಂದೆ ಸಂತೆಯಲ್ಲಿ ಆ ಹುಡುಗ ಸಿಕ್ಕಿದ. ಹುಡುಗನೇನು, ತಲೆ ನರೆಯತೊಡಗಿದ ಸಂಸಾರವಂದಿಗ. ತಡೆಯಲಾರದೆ ಹೇಳಿಯೇಬಿಟ್ಟೆವು: “ಅವತ್ತು ನೀನು ಕೇಳಿದ್ದು ಒಳ್ಳೇ ಪ್ರಶ್ನೆ ಕಣಪ್ಪಾ. ನಮಗೇ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂತ ಹೇಳಬೇಕಾಗಿತ್ತು.” ಅವನು ನಕ್ಕ. “ನಾನು ಕೇಳಿದ್ನಾ ಸಾರ್? ಮರೆತೇಹೋಗಿದೆ” ಎಂದ. ಅವನು ಕೋಪಿಸಿಕೊಂಡಿದ್ದರೆ ನಮಗೆ ಅಷ್ಟು ನೋವಾಗುತ್ತಿರಲಿಲ್ಲ.

ಗಡಿನಾಡಿನ ಕನ್ನಡಿಗರಾದ ನಾವು ಶಾಲೆಗಳ ಬಗ್ಗೆ, ಪಠ್ಯಪುಸ್ತಕಗಳ ಬಗ್ಗೆ, ಕನ್ನಡ ಓದಿದವರ ಉದ್ಯೋಗದ ಬಗ್ಗೆ ಪ್ರತಿ ಸಮ್ಮೇಳನದಲ್ಲೂ ನಿರ್ಣಯ ಮಂಡಿಸುತ್ತೇವೆ. ಅದು ಬೇಕಾದದ್ದೇ. ಆದರೆ ಮಗು ಕನ್ನಡದಲ್ಲಿ ಕೇಳಿದ ಪ್ರಶ್ನೆಗೆ ಕನ್ನಡದಲ್ಲೇ ಮರ್ಯಾದೆ ಸಿಗದಿದ್ದರೆ, ಆ ನಷ್ಟಕ್ಕೆ ಯಾವ ಸರಕಾರವನ್ನೂ ದೂರುವಂತಿಲ್ಲ. ಅದು ನಮ್ಮ ಮನೆಯ, ನಮ್ಮ ತರಗತಿಯ ತಪ್ಪು. ರೊದ್ದಂ ಮನೆತನದಲ್ಲಿ ತಂದೆ ಕನ್ನಡದಲ್ಲಿ ವಿಜ್ಞಾನ ಬರೆದರು, ಮಗ ವಿಜ್ಞಾನವನ್ನೇ ಬೆಳೆಸಿದರು. ಎರಡಕ್ಕೂ ನಂಟಿದೆಯೆಂದು ನಾವು ನಂಬಿದ್ದೇವೆ.

ಆದ್ದರಿಂದ ಸಂಘದ ಹಿರಿಯರಲ್ಲಿ ನಮ್ಮದೊಂದು ಅರಿಕೆ. ಕವಿಗೋಷ್ಠಿ, ವಿಚಾರಗೋಷ್ಠಿಗಳ ನಡುವೆ ಮುಂದಿನ ವರ್ಷದಿಂದ ಒಂದು ಗಂಟೆಯನ್ನು ಮಕ್ಕಳ ಪ್ರಶ್ನೆಗಳಿಗೆಂದೇ ಎತ್ತಿಡಿ. ಬಲ್ಲವರು ಉತ್ತರ ಹೇಳಲಿ. ತಿಳಿಯದಿದ್ದರೆ ‘ತಿಳಿಯದು, ಹುಡುಕೋಣ’ ಎನ್ನಲಿ. ಆ ಗೋಷ್ಠಿಗೆ ಬೇಕಾದ ಊದುಬತ್ತಿ, ಬೆಂಕಿಪೆಟ್ಟಿಗೆಗಳನ್ನು ನಾವೇ ತರುತ್ತೇವೆ.