ವಿಳಂಬ ಕಾಲ

ಪಾಶ್ಚಾತ್ಯ ಸಂಗೀತದ ಗಂಧಗಾಳಿ ನನಗಿಲ್ಲ. ಕಾಸರಗೋಡಿನ ಬಯಲಾಟಗಳಲ್ಲಿ ಭಾಗವತರ ಪದ ಕೇಳಿ ಬೆಳೆದ ಬ್ಯಾಂಕ್ ಗುಮಾಸ್ತ ನಾನು. ಕಳೆದ ಆಟಿ ತಿಂಗಳ ಮಳೆಯ ರಾತ್ರಿಯೊಂದರಲ್ಲಿ ಮಗಳು ಮೊಬೈಲಿನಲ್ಲಿ ಹಾಕಿಕೊಟ್ಟ ಒಂದು ಸಿಂಫನಿ ನನ್ನ ನಿದ್ದೆ ಕೆಡಿಸಿತು.

ಅದು ಪೋಲೆಂಡಿನ ಹೆನ್ರಿಕ್ ಗುರೆಟ್ಸ್ಕಿ 1976ರಲ್ಲಿ ರಚಿಸಿದ ಮೂರನೆಯ ಸಿಂಫನಿ. 'ಶೋಕಗೀತೆಗಳ ಸಿಂಫನಿ' ಎಂದು ಅದರ ಹೆಸರು. ಎರಡು ವರ್ಷದ ಮಗುವಾಗಿದ್ದಾಗಲೇ ತಾಯಿಯನ್ನು ಕಳೆದುಕೊಂಡವರು ಅವರು. 1977ರಲ್ಲಿ ಫ್ರಾನ್ಸಿನಲ್ಲಿ ಮೊದಲ ಬಾರಿ ನುಡಿಸಿದಾಗ ಹಲವು ವಿಮರ್ಶಕರು ಮೂಗು ಮುರಿದರು. 1992ರಲ್ಲಿ ಡಾನ್ ಅಪ್‌ಶಾ ಹಾಡಿದ ಧ್ವನಿಮುದ್ರಣ ಬಂದ ಮೇಲೆ ಮಾತ್ರ ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಾಟವಾದವು.

ಇದರ ಮೂರು ಭಾಗಗಳೂ ವಿಳಂಬ ಕಾಲದವು. ಮೊದಲು ಡಬಲ್ ಬಾಸ್‌ಗಳ ತಗ್ಗಿದ ದನಿ, ಕೇಳಿಯೂ ಕೇಳಿಸದಂತೆ. ಅದೇ ಮಟ್ಟನ್ನು ಉಳಿದ ತಂತಿವಾದ್ಯಗಳು ಒಂದರ ಹಿಂದೆ ಒಂದಾಗಿ ಎತ್ತಿಕೊಳ್ಳುತ್ತವೆ, ಅಳಿವೆಯೊಳಗೆ ಉಬ್ಬರ ಏರಿದಂತೆ. ನಡುವೆ ಹೆಣ್ಣು ದನಿಯೊಂದು ಹಾಡುತ್ತದೆ: ಶಿಲುಬೆಯ ಮೇಲಿರುವ ಮಗನ ಗಾಯಗಳಲ್ಲಿ ಪಾಲು ಬೇಡುವ ಮರಿಯಳ ಪ್ರಲಾಪ. ಹಾಡು ಮುಗಿದ ಮೇಲೆ ವಾದ್ಯಗಳು ಇಳಿದಿಳಿದು ಮೊದಲಿನ ತಗ್ಗಿಗೇ ಮರಳುತ್ತವೆ. ಎರಡನೆಯ ಭಾಗದ ಮಾತುಗಳು, 1944ರಲ್ಲಿ ಜಾಕೊಪಾನೆಯ ಗೆಸ್ಟಾಪೊ ಸೆರೆಮನೆಯ ಗೋಡೆಯ ಮೇಲೆ ಹದಿನೆಂಟರ ಹುಡುಗಿ ತಾಯಿಯನ್ನು ನೆನೆದು ಗೀಚಿದವು. ಮೂರನೆಯದು ಒಂದು ಜನಪದ ಹಾಡು. ದಂಗೆಯಲ್ಲಿ ಸತ್ತ ಮಗನ ಹೆಣ ಎಲ್ಲಿದೆಯೆಂದು ಹುಡುಕುವ ತಾಯಿಯದು.

ಅಲ್ಲಿಗೆ ಬಂದಾಗ ನನಗೆ ಆ ಅಮ್ಮನ ನೆನಪಾಯಿತು.

ಕಡಲಿಗಿಳಿದ ಅವರ ಮಗ ಮರಳಿರಲಿಲ್ಲ. ಪ್ರತಿ ತಿಂಗಳೂ ಅವನ ಪಾಸ್‌ಬುಕ್ ಹಿಡಿದು ನನ್ನ ಕೌಂಟರಿಗೆ ಬರುತ್ತಿದ್ದರು. "ಸಾರೇ, ಏನಾದರೂ ಕಾಣುತ್ತದಾ?" ಎಂದು ಮಲಯಾಳದಲ್ಲಿ ಕೇಳುತ್ತಿದ್ದರು. ದುಡ್ಡಿನ ಅಡಚಣೆಯಿರಬೇಕೆಂದು ಬಗೆದು ನಾನೊಮ್ಮೆ ನಿಯಮ ಒಪ್ಪಿಸಿದೆ: "ಮರಣಪತ್ರ ಬೇಕಮ್ಮಾ. ಕಾಣೆಯಾದವರಾದರೆ ಏಳು ವರ್ಷ ಕಳೆಯಬೇಕು, ಆಮೇಲೆ ಕೋರ್ಟು."

"ದುಡ್ಡು ಬೇಡ ಸಾರೇ. ಅವನು ಎಲ್ಲಿಯಾದರೂ ದುಡ್ಡು ತೆಗೆದಿದ್ದಾನಾ ನೋಡಿ."

ಪುಟದಲ್ಲಿ ಹೊಸ ಸಾಲೊಂದು ಅಚ್ಚಾಗಿತ್ತು. ಅದರ ಮೇಲೆ ಬೆರಳಿಟ್ಟರು. "ಅದು ಬಡ್ಡಿ" ಎಂದು ಹೇಳಿ, ಹಿಂದಿನವರನ್ನು ಕರೆದೆ.

ಸಿಂಫನಿಯ ತಾಯಿಗೂ ಮಗ ಸಿಕ್ಕುವುದಿಲ್ಲ. ಅವನು ಎಲ್ಲಿಯೇ ಮಲಗಿರಲಿ, ಹಕ್ಕಿಗಳು ಹಾಡಲಿ, ಸುತ್ತ ಹೂವರಳಲಿ ಎಂದು ಬೇಡುತ್ತಾಳೆ. ಸಂಗೀತ ಅವಳಿಗೆ ಉತ್ತರ ಹೇಳುವುದಿಲ್ಲ. ಅವಳ ಮಾತು ಮುಗಿಯುವವರೆಗೆ ಕಾಯುತ್ತದೆ, ಅಷ್ಟೆ. ನಾನು ಎರಡು ನಿಮಿಷ ಕಾದಿರಲಿಲ್ಲ.

ಮುಂದಿನ ತಿಂಗಳು ಅವರು ಬಂದಾಗ ಕೌಂಟರಿನಿಂದ ಹೊರಬಂದು, ಬೆಂಚಿನಲ್ಲಿ ಅವರ ಪಕ್ಕದಲ್ಲಿ ಕುಳಿತೆ. ಪಾಸ್‌ಬುಕ್ಕಿನ ಒಂದೊಂದು ಸಾಲನ್ನೂ ಮಲಯಾಳದಲ್ಲಿ ಓದಿ ಹೇಳಿದೆ. ಸರತಿಯಲ್ಲಿದ್ದವರು ಗೊಣಗಿದರು. ಕೊನೆಯ ಸಾಲು ಆಗಲೂ ಬಡ್ಡಿಯದೇ. ಅಮ್ಮ ತಲೆಯಾಡಿಸಿ, ಪಾಸ್‌ಬುಕ್ಕನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಎದ್ದರು.

"ಬರುವ ತಿಂಗಳು ಬರುತ್ತೇನೆ ಸಾರೇ."

"ಬನ್ನಿ ಅಮ್ಮಾ" ಎಂದೆ.