ಮರವಂತೆಯ ಮರಳೂ ಅಪರಿಚಿತನ ಹೆಸರುಚೀಟಿಯೂ

ಕುಂದಾಪುರದಿಂದ ಉತ್ತರಕ್ಕೆ ಹೊರಟ ಬಸ್ಸು ತ್ರಾಸಿಯನ್ನು ದಾಟುತ್ತಿದ್ದಂತೆ, ಅದುವರೆಗೆ ತೂಕಡಿಸುತ್ತಿದ್ದ ಪ್ರಯಾಣಿಕರೂ ಕಣ್ಣು ತೆರೆದು ಕಿಟಕಿಯತ್ತ ಹೊರಳುತ್ತಾರೆ. ಎಡಗಡೆ ಕುಳಿತವರಿಗೆ ಅರಬ್ಬೀ ಸಮುದ್ರ. ಬಲಗಡೆ ಕುಳಿತವರಿಗೆ ಸೌಪರ್ಣಿಕಾ ನದಿ. ನಡುವೆ ಹೆದ್ದಾರಿಗೆ ಮಾತ್ರ ಎಡೆಗೊಟ್ಟಂತಿರುವ ಕಿರಿದಾದ ನೆಲವೇ ಮರವಂತೆ. ಕೊಲ್ಲೂರಿನ ಕಾಡುಗಳಿಂದ ಇಳಿದುಬಂದ ನದಿಯು ಕಡಲಿನ ಮೊರೆತ ಕೇಳುವಷ್ಟು ಸಮೀಪಕ್ಕೆ ಬಂದೂ ಅದನ್ನು ಸೇರುವುದಿಲ್ಲ. ಅಲ್ಲಿಂದ ದಕ್ಷಿಣಕ್ಕೆ ತಿರುಗಿ, ಗಂಗೊಳ್ಳಿಯ ಅಳಿವೆಯವರೆಗೆ ಸಾಗಿ, ವಾರಾಹಿ, ಚಕ್ರಾ, ಕುಬ್ಜಾ, ಕೇಟಕಾ ನದಿಗಳ ಜೊತೆಗೂಡಿ ಪಂಚಗಂಗಾವಳಿಯಾಗಿಯೇ ಕಡಲನ್ನು ಕೂಡುತ್ತದೆ.

ಹೊರಗಿನಿಂದ ಬಂದವರಿಗೆ ಮರವಂತೆ ಒಂದು ಸುಂದರ ಚಿತ್ರ. ಸುತ್ತಲಿನ ಊರುಗಳವರಿಗೆ ಅದು ಕರ್ಕಾಟಕ ಅಮಾವಾಸ್ಯೆಯ ಜಾತ್ರೆಯ ಸ್ಥಳ. ಮಳೆಗಾಲದ ಆ ದಿನ ನದಿಯ ದಡದಲ್ಲಿರುವ ವರಾಹ ದೇವಾಲಯಕ್ಕೆ ಬೇಸಾಯದವರೂ ಮೀನುಗಾರರೂ ಹೊಸದಾಗಿ ಮದುವೆಯಾದ ದಂಪತಿಗಳೂ ಬರುತ್ತಾರೆ. ಕಡಲಿನಲ್ಲಿಯೂ ನದಿಯಲ್ಲಿಯೂ ಮೀಯುತ್ತಾರೆ. ತಣ್ಣೀರಿನಲ್ಲಿ ಬೆರಳುಗಳು ತುಸು ಸೊರಗುತ್ತವೆ. ತೆರೆಯ ಸೆಳೆತ ಕೈಯನ್ನು ಹಿಡಿದೆಳೆಯುತ್ತದೆ. ಹೊಸ ಉಂಗುರವೊಂದು ಜಾರಿಹೋಗಲು ಇಷ್ಟೇ ಸಾಕು. ಒಂದು ಬೊಗಸೆ ಹೊಯಿಗೆಯನ್ನೆತ್ತಿ ಬೆರಳುಗಳ ನಡುವೆ ಸೋಸುವಷ್ಟರಲ್ಲಿ ಇನ್ನೊಂದು ತೆರೆ ಬಂದು ಕಾಲ ಕೆಳಗಿನ ನೆಲವನ್ನೇ ಬದಲಾಯಿಸಿರುತ್ತದೆ.

ಜಾರಿದ ಉಂಗುರವನ್ನು ಕಡಲು ನುಂಗಿತೆಂದು ಜನರು ಹೇಳುವುದುಂಟು. ವಾಸ್ತವದಲ್ಲಿ ಬಹುಮಟ್ಟಿಗೆ ಅದನ್ನು ಬಚ್ಚಿಡುವುದು ಮರಳು. ಮರಳಿನ ಕಣ ನೀರಿಗಿಂತ ಸುಮಾರು ಎರಡೂವರೆ ಪಟ್ಟು ಭಾರ. ಅಪ್ಪಟ ಚಿನ್ನವಾದರೋ ಹತ್ತೊಂಬತ್ತು ಪಟ್ಟಿಗೂ ಹೆಚ್ಚು. ಆದುದರಿಂದ ತೆರೆಗಳು ಮರಳನ್ನು ಕದಡಿದಾಗಲೆಲ್ಲ ಚಿನ್ನ ಕೆಳಕೆಳಗೆ ಇಳಿಯುತ್ತದೆ. ಮಳೆಗಾಲದ ಅಲೆಗಳು ದಂಡೆಯ ಮರಳನ್ನು ಕೊರೆದು ಒಯ್ಯುತ್ತವೆ. ಬೇಸಗೆಯ ಸೌಮ್ಯವಾದ ಅಲೆಗಳು ಅದನ್ನು ಮತ್ತೆ ತಂದು ಹರಡುತ್ತವೆ. ಆಷಾಢದಲ್ಲಿ ಕಳೆದುದು ಮಾಘದಲ್ಲಿ ಎರಡು ಮೊಳ ಮರಳಿನಡಿ ಇದ್ದರೂ ಅಚ್ಚರಿಯಿಲ್ಲ.

ಹೀಗೆ ಮರಳಿನಡಿ ಸೇರಿದುದನ್ನು ಹುಡುಕುವುದೇ ಒಂದು ಹವ್ಯಾಸವಾಗಿ ಇಂಗ್ಲೆಂಡ್ ಮೊದಲಾದ ದೇಶಗಳಲ್ಲಿ ಬೆಳೆದಿದೆ. ಅವರ ಸಾಧನ ಲೋಹಶೋಧಕ ಯಂತ್ರ, ಅಂದರೆ ಮೆಟಲ್ ಡಿಟೆಕ್ಟರ್. ಉದ್ದನೆಯ ಕೋಲಿನ ತುದಿಯಲ್ಲಿ ತಟ್ಟೆಯಂತಹ ಒಂದು ತಂತಿಸುರುಳಿ. ಅದರಲ್ಲಿ ವಿದ್ಯುತ್ತು ಹರಿದು ಸದಾ ಮಿಡಿಯುವ ಕಾಂತಕ್ಷೇತ್ರ. ಆ ಕ್ಷೇತ್ರಕ್ಕೆ ಲೋಹವೊಂದು ಸಿಕ್ಕಿದರೆ ಅದರಲ್ಲಿಯೂ ಸಣ್ಣ ವಿದ್ಯುತ್ತು ಹುಟ್ಟಿ ಮರುದನಿ ಕೊಡುತ್ತದೆ. ಹುಡುಕುವವನ ಕಿವಿಯಲ್ಲಿ ಸದ್ದಾಗುತ್ತದೆ. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್‌ಫೀಲ್ಡ್ ಗುಂಡೇಟಿನಿಂದ ಮಲಗಿದ್ದಾಗ, ದೂರವಾಣಿಯ ಜನಕ ಅಲೆಕ್ಸಾಂಡರ್ ಗ್ರಹಾಂ ಬೆಲ್ ಇಂತಹ ಯಂತ್ರವನ್ನು ರಚಿಸಿ, ದೇಹದೊಳಗಿನ ಗುಂಡನ್ನು ಹುಡುಕಲು ಯತ್ನಿಸಿದನು. ಯತ್ನ ಫಲಿಸಲಿಲ್ಲ, ಯಂತ್ರದ ತತ್ತ್ವ ಉಳಿಯಿತು. ಉಪ್ಪುನೀರು ತಾನೇ ವಿದ್ಯುದ್ವಾಹಕವಾಗಿರುವುದರಿಂದಲೂ ಕಬ್ಬಿಣದ ಅಂಶವುಳ್ಳ ಕರಿಮರಳು ಸುಳ್ಳು ಸದ್ದು ಹುಟ್ಟಿಸುವುದರಿಂದಲೂ ಕಡಲತಡಿಯಲ್ಲಿ ಈ ಕೆಲಸಕ್ಕೆ ತಾಳ್ಮೆ ಹೆಚ್ಚು ಬೇಕು. ಹತ್ತು ಸಲ ಅಗೆದರೆ ಒಂಬತ್ತು ಸಲ ಸೋಡಾ ಬಾಟಲಿಯ ಮುಚ್ಚಳ ಸಿಕ್ಕೀತು.

ಈ ಹವ್ಯಾಸಿಗಳಲ್ಲಿ ಅನೇಕರು ಕಿಸೆಯಲ್ಲಿ ಇನ್ನೊಂದು ಸಾಧನವನ್ನೂ ಇಟ್ಟುಕೊಂಡಿರುತ್ತಾರೆ. ಅದು ಯಂತ್ರಕ್ಕಿಂತ ಬಹು ಅಗ್ಗವಾದುದು: ತಮ್ಮ ಹೆಸರಿನ ವಿಸಿಟಿಂಗ್ ಕಾರ್ಡು. ಅವರು ವ್ಯಾಪಾರಿಗಳಲ್ಲ, ಕಂಪನಿಯ ಪ್ರತಿನಿಧಿಗಳೂ ಅಲ್ಲ. ಆದರೂ ಹೆಸರು, ಊರು, ದೂರವಾಣಿಯ ಸಂಖ್ಯೆ ಇವನ್ನು ಅಚ್ಚು ಹಾಕಿಸಿ, ಕೆಳಗೆ ಒಂದೆರಡು ಸಾಲು ಸೇರಿಸುತ್ತಾರೆ: ಕಳೆದುಹೋದ ಉಂಗುರ, ಬೀಗದ ಕೈ ಮುಂತಾದುವನ್ನು ಹುಡುಕಿಕೊಡುತ್ತೇವೆ, ತೋಡಿದ ಗುಂಡಿಯನ್ನು ಮುಚ್ಚುತ್ತೇವೆ, ಸಿಕ್ಕಿದುದನ್ನು ಜಮೀನಿನ ಒಡೆಯರಿಗೆ ತೋರಿಸುತ್ತೇವೆ. ಹೊಲದಲ್ಲಿ ಹುಡುಕಲು ಅನುಮತಿ ಕೇಳುವಾಗ ರೈತನ ಕೈಗೆ ಒಂದು. ಸಮುದ್ರತೀರದಲ್ಲಿ ಕುತೂಹಲದಿಂದ ಮಾತಿಗೆ ನಿಂತವರಿಗೆ ಒಂದು. ಇಂದು ಪಡೆದ ಚೀಟಿಯ ನೆನಪಾಗುವುದು ಆರು ತಿಂಗಳ ಮೇಲೆ, ಮನೆಯಲ್ಲಿ ಯಾರದೋ ಉಂಗುರ ಕಳೆದಾಗ.

ಇಂತಹ ನಂಬಿಕೆಯಿಂದ ಏನು ಒದಗೀತೆಂಬುದಕ್ಕೆ ಇಂಗ್ಲೆಂಡಿನ ಹಾಕ್ಸನ್ ಗ್ರಾಮದ ಪ್ರಸಂಗ ಪ್ರಸಿದ್ಧ. 1992ರ ನವೆಂಬರಿನಲ್ಲಿ ಎರಿಕ್ ಲಾಸ್ ಎಂಬಾತ, ರೈತಮಿತ್ರನೊಬ್ಬನ ಕಳೆದುಹೋದ ಸುತ್ತಿಗೆಯನ್ನು ಹುಡುಕಲು ಹೊಲಕ್ಕೆ ಹೋದನು. ಯಂತ್ರ ಸದ್ದು ಮಾಡಿದೆಡೆ ಸಿಕ್ಕಿದುದು ರೋಮನ್ನರ ಕಾಲದ ಚಿನ್ನ ಬೆಳ್ಳಿಗಳ ರಾಶಿ. ಆತ ಎಲ್ಲವನ್ನೂ ಅಗೆದು ಮನೆಗೆ ಹೊರಲಿಲ್ಲ. ಸುದ್ದಿ ಮುಟ್ಟಿಸಿ, ಉಳಿದುದನ್ನು ಪುರಾತತ್ತ್ವಜ್ಞರಿಗೆ ಬಿಟ್ಟನು. ಸುಮಾರು 15,000 ನಾಣ್ಯಗಳು ದೊರೆತುವು. ಸರಕಾರ ಕೊಟ್ಟ ಬಹುಮಾನವನ್ನು ಆತ ರೈತನೊಡನೆ ಹಂಚಿಕೊಂಡನು. ಸುತ್ತಿಗೆಯೂ ಸಿಕ್ಕಿತು, ಈಗ ಅದೂ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ.

ಅಂತಹ ಹವ್ಯಾಸಿಯೊಬ್ಬನು ಮರವಂತೆಗೆ ಬಂದನೆನ್ನಿ. ಬೆಳಗಿನ ಜಾವ ಕೋಲಿನ ತುದಿಯ ತಟ್ಟೆಯನ್ನು ಆಡಿಸುತ್ತ ಹೊಯಿಗೆಯ ಮೇಲೆ ನಡೆಯುವ ಆ ಮನುಷ್ಯನನ್ನು ಊರವರು ಏನೆಂದು ತಿಳಿದಾರು? ನಮ್ಮ ನಾಡಿನಲ್ಲಿ ನಿಧಿಯಾಸೆಯಿಂದ ಹಳೆಯ ಗುಡಿಗಳ ನೆಲವನ್ನು ಅಗೆದವರ, ಕಲ್ಲಿನ ಬಸವನನ್ನು ಒಡೆದವರ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ದೇವಾಲಯದ ನೆರೆಯಲ್ಲಿ ಯಂತ್ರ ಹಿಡಿದು ಓಡಾಡುವವನನ್ನು ನಿಧಿಗಳ್ಳನೆಂದು ಶಂಕಿಸಿದರೆ ತಪ್ಪು ಶಂಕಿಸಿದವರದಲ್ಲ. ಬಲೆ ಒಣಹಾಕುತ್ತಿರುವ ಹಿರಿಯರೊಬ್ಬರು ಮೊದಲು ಕೇಳುವುದು, “ಹ್ವಾಯ್, ಊರ್ ಎಲ್ಲಾಯ್ತ್?” ಎಂದು. ಊರು ಹೇಳಿದ ಮೇಲೆ ಮನೆ. ಮನೆಯ ಮೇಲೆ ನೆಂಟರು. ಮೂರು ಪ್ರಶ್ನೆಗಳೊಳಗೆ ಎಲ್ಲಿಯಾದರೊಂದು ಪರಿಚಯದ ಎಳೆ ಸಿಕ್ಕಿತೆಂದರೆ ಬಂದವನು ಅಪರಿಚಿತನಲ್ಲ. ಕುಂದಾಪುರದ ಕಡೆಯವರ ವಿಸಿಟಿಂಗ್ ಕಾರ್ಡು ಇದೇ. ಅದು ಅಚ್ಚಾಗಿರುವುದು ನಾಲಗೆಯಲ್ಲಿ. ಆ ಎಳೆ ಸಿಗದವನಿಗೆ ಮಾತ್ರ ಕಾಗದದ ಕಾರ್ಡು ಬೇಕು.

ರಾಮಾಯಣದ ಕವಿಗೆ ಈ ಸಂಕಟ ತಿಳಿದಿತ್ತು. ಅಶೋಕವನದಲ್ಲಿ ಸೀತೆಯೆದುರು ನಿಂತ ಹನುಮಂತನನ್ನು ಆಕೆ ವೇಷ ಮರೆಸಿಕೊಂಡ ರಾವಣನೇ ಇರಬೇಕೆಂದು ಶಂಕಿಸಿದಳು. ರಾಮನ ಗುಣಗಳನ್ನೂ ಗುರುತುಗಳನ್ನೂ ವಿವರಿಸಿ ಹೇಳಿದ ಮೇಲೆ ಹನುಮಂತ ರಾಮನಾಮಾಂಕಿತವಾದ ಉಂಗುರವನ್ನು ಮುಂದಿಟ್ಟನು. ಹೆಸರು ಕೆತ್ತಿದ ಆ ಉಂಗುರ ಮಾತಿಗೆ ಸಾಕ್ಷಿಯಾಯಿತು. ಇನ್ನು ಕಾಳಿದಾಸನ ಶಾಕುಂತಲದ ಬೆಸ್ತನ ಪಾಡೇ ಬೇರೆ. ಮೀನಿನ ಹೊಟ್ಟೆಯಲ್ಲಿ ಸಿಕ್ಕಿದ ಉಂಗುರವನ್ನು ಆತ ಮಾರಲು ತಂದನು. ಉಂಗುರದ ಮೇಲೆ ಅರಸನ ಹೆಸರಿತ್ತು. ತಂದವನ ಮಾತಿಗೆ ಆಧಾರ ಇರಲಿಲ್ಲ. ಕಾವಲುಗಾರರು ಕೈಕಟ್ಟಿ ಹೊಡೆದರು. ಅರಸನಿಗೆ ನೆನಪು ಬಂದಮೇಲೆಯೇ ಆತನಿಗೆ ಬಿಡುಗಡೆಯೂ ಬಹುಮಾನವೂ. ಸಿಕ್ಕಿದುದನ್ನು ಕೈಯಲ್ಲಿ ಹಿಡಿದ ಬಡವನು ಕಳ್ಳನಂತೆ ಕಾಣುವುದು ಅಂದಿನಿಂದಲೂ ಇದೆ.

ಸಿಕ್ಕಿದುದು ಯಾರದೆಂಬ ಪ್ರಶ್ನೆಗೆ ಕಾನೂನೂ ಉತ್ತರ ಕೊಟ್ಟಿದೆ. 1860ರ ಭಾರತೀಯ ದಂಡಸಂಹಿತೆಯ 403ನೆಯ ಕಲಮಿಗೆ ಕೊಟ್ಟ ನಿದರ್ಶನಗಳಲ್ಲಿ ಒಂದು ಉಂಗುರದ್ದೇ. ದಾರಿಯಲ್ಲಿ ಬಿದ್ದ, ಯಾರದೆಂದು ತಿಳಿಯದ ಒಂದು ರೂಪಾಯಿಯನ್ನು ಎತ್ತಿಕೊಂಡುದು ಅಪರಾಧವಲ್ಲ; ಆದರೆ ಬೆಲೆಬಾಳುವ ಉಂಗುರ ಸಿಕ್ಕಿ, ಒಡೆಯನನ್ನು ಹುಡುಕುವ ಯತ್ನವನ್ನೇ ಮಾಡದೆ ಕೂಡಲೆ ಮಾರಿಬಿಟ್ಟವನು ಅಪರಾಧಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 314ನೆಯ ಕಲಮಿನಲ್ಲಿಯೂ ಇದೇ ನೀತಿ ಮುಂದುವರಿದಿದೆ. ಹುಡುಕುವ ಯತ್ನವೆಂದರೆ ಏನು? ದೇವಸ್ಥಾನದಲ್ಲಿ, ಪಂಚಾಯತಿಯಲ್ಲಿ, ಪೊಲೀಸು ಠಾಣೆಯಲ್ಲಿ, ರಸ್ತೆಬದಿಯ ಚಹಾದಂಗಡಿಯಲ್ಲಿ ಸುದ್ದಿಯನ್ನೂ ಹೆಸರುಚೀಟಿಯನ್ನೂ ಕೊಟ್ಟುಬರುವುದು. ಕಳೆದುಕೊಂಡವರು ಒಂದು ದಿನ ಅಲ್ಲಿಗೆ ಬಂದು ವಿಚಾರಿಸಿದರೆ, ಯಾರನ್ನು ಕೇಳಬೇಕೆಂದು ಅವರಿಗೆ ತಿಳಿದಿರಬೇಕು.

ಆದರೆ ಈ ಕರಾವಳಿಯ ಮಣ್ಣಿನಲ್ಲಿ ನಿನ್ನೆ ಕಳೆದ ಉಂಗುರಗಳಷ್ಟೇ ಇಲ್ಲ. ಮರವಂತೆಯ ದಕ್ಷಿಣಕ್ಕಿರುವ ಬಸರೂರು ಹಿಂದೆ ಹಡಗುಗಳು ಬಂದುಹೋಗುತ್ತಿದ್ದ ವ್ಯಾಪಾರದ ಪಟ್ಟಣ. 1665ರಲ್ಲಿ ಶಿವಾಜಿ ನೌಕಾಪಡೆಯೊಡನೆ ಬಂದು ದಾಳಿ ಮಾಡಿದ ಊರು. ಇನ್ನೂ ದಕ್ಷಿಣದ ಬಾರಕೂರು ಆಳುಪ ಅರಸರ ರಾಜಧಾನಿಯಾಗಿತ್ತು. ಆಳುಪರ ಚಿನ್ನದ ನಾಣ್ಯಗಳ ಒಂದು ಮುಖದಲ್ಲಿ ಜೋಡಿಮೀನು; ಇನ್ನೊಂದು ಮುಖದಲ್ಲಿ ‘ಶ್ರೀ ಪಾಂಡ್ಯ ಧನಂಜಯ’ ಎಂಬ ಬಿರುದು. ಅರಸನ ಹೆಸರುಚೀಟಿಯೆಂದರೆ ಇದೇ: ಅವನನ್ನು ಎಂದೂ ಕಾಣದ ಜನರ ಕೈಯಲ್ಲಿ ಅವನ ಗುರುತು. ವಿಜಯನಗರದ ಕಾಲದಲ್ಲಿ ‘ಬಾರಕೂರು ಗದ್ಯಾಣ’ ಶಾಸನಗಳಲ್ಲಿ ಬರುವಷ್ಟು ಹೆಸರಾಗಿತ್ತು.

ಅಂತಹ ನಾಣ್ಯವೊಂದು ಯಂತ್ರಕ್ಕೆ ಸಿಕ್ಕಿದರೆ ಹವ್ಯಾಸ ಅಲ್ಲಿಗೆ ನಿಲ್ಲಬೇಕು. 1878ರ ನಿಧಿ ಕಾಯಿದೆಯ ಪ್ರಕಾರ, ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಕಂಡವನು ಏನು, ಎಲ್ಲಿ, ಎಂದು ಸಿಕ್ಕಿತೆಂಬುದನ್ನು ಜಿಲ್ಲೆಯ ಅಧಿಕಾರಿಗೆ ಬರೆದು ತಿಳಿಸಬೇಕಾಗಿತ್ತು. 1962ರಲ್ಲಿ ನಮ್ಮ ರಾಜ್ಯವೂ ತನ್ನದೇ ನಿಧಿ ಕಾಯಿದೆಯನ್ನು ಮಾಡಿತು. 1972ರ ಕಾಯಿದೆ ನೂರು ವರ್ಷಕ್ಕಿಂತ ಹಳೆಯ ನಾಣ್ಯವನ್ನು ಪ್ರಾಚ್ಯವಸ್ತುವೆಂದು ಎಣಿಸುತ್ತದೆ. ಸಂರಕ್ಷಿತ ಸ್ಮಾರಕಗಳ ಆವರಣದಲ್ಲಿ ಅನುಮತಿಯಿಲ್ಲದೆ ಅಗೆಯುವುದಕ್ಕೆ 1958ರ ಕಾಯಿದೆಯ ತಡೆಯಿದೆ. ಕಾಯಿದೆಯ ಮಾತು ಒತ್ತಟ್ಟಿಗಿರಲಿ. ನಾಣ್ಯದ ಬೆಲೆ ಅದರ ತೂಕದಲ್ಲಿ ಮಾತ್ರ ಇಲ್ಲ. ಯಾವ ಪದರದಲ್ಲಿ, ಯಾವ ಮಡಕೆಯ ಚೂರಿನ ಪಕ್ಕದಲ್ಲಿ ಅದು ಇತ್ತೆಂಬುದರಲ್ಲಿ ಇತಿಹಾಸವಿದೆ. ಕಿತ್ತು ಕಿಸೆಗೆ ಹಾಕಿಕೊಂಡ ನಾಣ್ಯ ಊರು ಮರೆತ ಮಗುವಿನಂತೆ. ತಾನು ಎಲ್ಲಿಯದೆಂದು ಅದು ಹೇಳಲಾರದು.

ಆದುದರಿಂದ ಮರವಂತೆಯಂತಹ ಊರಿಗೆ ಬರುವ ಹವ್ಯಾಸಿಯ ಚೀಟಿಯಲ್ಲಿ ಇರಬೇಕಾದ ಮಾತುಗಳು ಬಹಳವಲ್ಲ. ತನ್ನ ಹೆಸರು, ಊರು, ದೂರವಾಣಿಯ ಸಂಖ್ಯೆ, ಕೇಳದೆ ಅಗೆಯುವುದಿಲ್ಲ, ಗುಡಿ, ಕೋಟೆ, ಹಳೆಯ ನಿವೇಶನಗಳ ಬಳಿ ಯಂತ್ರವನ್ನು ತರುವುದಿಲ್ಲ, ಕಳೆದುಕೊಂಡವರ ವಸ್ತು ಸಿಕ್ಕಿದರೆ ಅವರಿಗೆ, ಹಿಂದಿನವರ ವಸ್ತು ಸಿಕ್ಕಿದರೆ ಸರಕಾರಕ್ಕೆ ಒಪ್ಪಿಸುತ್ತೇನೆ. ಕನ್ನಡದಲ್ಲಿ, ದೊಡ್ಡ ಅಕ್ಷರಗಳಲ್ಲಿ ಅಚ್ಚಾಗಿದ್ದರೆ ಬಲೆ ನೇಯುವ ಹಿರಿಯರೂ ಓದಿಯಾರು. ಕಾರ್ಡನ್ನು ಅಚ್ಚು ಹಾಕಿಸುವುದು ಕಳ್ಳನಿಗೂ ಸಾಧ್ಯವಲ್ಲವೇ ಎಂದು ಕೇಳಬಹುದು. ಸಾಧ್ಯ. ಆದರೆ ಕಳ್ಳನು ತನ್ನ ನಿಜವಾದ ವಿಳಾಸವನ್ನು ಕೊಟ್ಟುಹೋಗಲಾರ. ಹೆಸರನ್ನು ಒಪ್ಪಿಸಿ ಹೋದವನನ್ನು ನಾಳೆ ಕರೆದು ಕೇಳಬಹುದು. ಚೀಟಿಯಿಂದ ಆಗುವ ಉಪಕಾರ ಅಷ್ಟೇ, ಅಷ್ಟು ಸಾಕು.

ಮುಂದಿನ ಕರ್ಕಾಟಕ ಅಮಾವಾಸ್ಯೆಗೂ ಮರವಂತೆಯ ಕಡಲಿನಲ್ಲಿ ಹೊಸ ದಂಪತಿಗಳು ಮೀಯುವರು. ಮನೆಯ ಹಿರಿಯರು, “ಉಂಗುರ ಬಿಗಿಯಾಗಿದೆಯೇ ನೋಡಿಕೊಳ್ಳಿ” ಎಂದು ದಡದಿಂದಲೇ ಎಚ್ಚರಿಸುವರು. ಅಷ್ಟರ ಮೇಲೂ ಒಂದು ಜಾರಿದರೆ, ಚಹಾದಂಗಡಿಯ ಗೋಡೆಗೆ ಸಿಕ್ಕಿಸಿದ ಸಣ್ಣ ಚೀಟಿಯೊಂದು ಯಾರಿಗಾದರೂ ನೆನಪಾಗಲಿ. ಕಡಲು ಕಾಣುವಷ್ಟು ಹತ್ತಿರ ಬಂದೂ ಗಂಗೊಳ್ಳಿಯವರೆಗೆ ಸುತ್ತಿಯೇ ಸೇರುವ ಸೌಪರ್ಣಿಕೆಯಂತೆ, ಆ ಉಂಗುರವೂ ತುಸು ತಡವಾಗಿಯಾದರೂ ತನ್ನ ಬೆರಳನ್ನು ಸೇರಲಿ.